ಸಮವಸ್ತ್ರದ ಆಸೆ, ಪದವಿಯ ಆಯ್ಕೆ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ. ಪೊಲೀಸ್, ವಿಧಿವಿಜ್ಞಾನ, ಸುರಕ್ಷತೆ ವಿಷಯಗಳ ಸ್ನಾತಕೋತ್ತರ ವ್ಯಾಸಂಗಕ್ಕೆ ನೆರವು ಕೋರುವವರು ಇದನ್ನು ಓದಿದ ಬಳಿಕವೇ ಅರ್ಜಿ ತುಂಬಬೇಕಾಗಿ ವಿನಂತಿ.)



ನಿಮ್ಮ ಕೈಯಲ್ಲಿರುವ ವಾರ್ಷಿಕ ವರದಿಯ ಲೆಕ್ಕಪತ್ರದಲ್ಲಿ ‘ಶಿಕ್ಷಣ ಸಾಲ ಮನ್ನಾ’ ಎಂದು ಒಂದು ನಮೂದು ಇದೆ. ನಮ್ಮ ಟ್ರಸ್ಟಿನ ಲೆಕ್ಕದಲ್ಲಿ ಇಂಥ ನಮೂದು ಬಂದಿರುವುದು ಇದೇ ಮೊದಲು. ಇದೇನು ಎಂದು ಇಬ್ಬರು ದಾನಿಗಳು ಸಭೆಗೆ ಮೊದಲೇ ಕೇಳಿದ್ದಾರೆ. ಅವರು ಕೇಳಿದ್ದು ಸರಿ. ಈ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದು ಎಲ್ಲಿಗೆ ಹೋಯಿತು ಎಂದು ಹೇಳುವುದು ನಮ್ಮ ಹೊಣೆ. ಆದ್ದರಿಂದ ಇವತ್ತಿನ ಮಾತನ್ನು ಆ ನಮೂದಿನಿಂದಲೇ ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಒಬ್ಬ ಹುಡುಗ ಅರ್ಜಿ ಹಿಡಿದು ಬಂದ. ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಾರೆ. ಹುಡುಗ ಬಿ.ಕಾಂ. ಮುಗಿಸಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ವಯಸ್ಸು 24. ಅವನ ಕೈಯಲ್ಲಿ ಹೊರರಾಜ್ಯದ ಒಂದು ಖಾಸಗಿ ಸಂಸ್ಥೆಯ ಬಣ್ಣದ ಪುಸ್ತಿಕೆ ಇತ್ತು. ಮುಖಪುಟದಲ್ಲಿ ಟೋಪಿ, ಬೆಲ್ಟು ಧರಿಸಿ, ಹೆಗಲ ಮೇಲೆ ನಕ್ಷತ್ರಗಳಿರುವ ಅಧಿಕಾರಿಯ ಚಿತ್ರ. ಒಳಗೆ ಪೊಲೀಸ್ ಆಡಳಿತದ ಎರಡು ವರ್ಷದ ಸ್ನಾತಕೋತ್ತರ ಪದವಿಯ ವಿವರ. ‘ಇದನ್ನು ಮುಗಿಸಿದರೆ ಸಬ್ ಇನ್‌ಸ್ಪೆಕ್ಟರ್ ಆಗಬಹುದು ಸರ್’ ಎಂದ. ಅವನ ಅಂಕ ಚೆನ್ನಾಗಿತ್ತು, ನಡತೆ ಚೆನ್ನಾಗಿತ್ತು, ಮನೆಯ ಪರಿಸ್ಥಿತಿ ನಮಗೆ ಗೊತ್ತಿತ್ತು. ನಮ್ಮವನೊಬ್ಬ ಪೊಲೀಸ್ ಅಧಿಕಾರಿಯಾಗುತ್ತಾನಲ್ಲ ಎಂಬ ಸಂತೋಷದಲ್ಲಿ ನಾವು ಬಡ್ಡಿಯಿಲ್ಲದ ಸಾಲ ಮಂಜೂರು ಮಾಡಿದೆವು. ತಾಯಿ ಬಳೆ ಅಡವಿಟ್ಟು ಉಳಿದ ಶುಲ್ಕ ಹೊಂದಿಸಿದರು.

ಎರಡು ವರ್ಷ ಕಳೆಯಿತು, ಪದವಿ ಬಂತು. ಪಿಎಸ್‌ಐ ನೇಮಕಾತಿಯ ಪ್ರಕಟಣೆಯನ್ನು ಅವನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದ್ದು ಆಮೇಲೆ. ಅದರಲ್ಲಿ ಎರಡು ಸಂಗತಿಗಳಿದ್ದವು. ಅರ್ಜಿ ಹಾಕಲು ಯಾವುದೇ ವಿಷಯದ ಪದವಿ ಸಾಕು. ಅಂದರೆ ಬಿ.ಕಾಂ. ಮುಗಿದ ದಿನವೇ ಅವನಿಗೆ ಆ ಅರ್ಹತೆ ಬಂದಿತ್ತು. ಇನ್ನೊಂದು, ಪುರುಷರ ಎತ್ತರ ಕನಿಷ್ಠ 168 ಸೆಂಟಿಮೀಟರ್ ಇರಬೇಕು. ಅವನ ಎತ್ತರ 166.

ಆ ಹುಡುಗ ನಮ್ಮ ಕಚೇರಿಗೆ ಬಂದು ಜಗಳವಾಡಲಿಲ್ಲ. ‘ನನಗೆ ಗೊತ್ತಿರಲಿಲ್ಲ ಸರ್, ನೀವಾದರೂ ಒಂದು ಮಾತು ಕೇಳಬಹುದಿತ್ತು’ ಎಂದಷ್ಟೇ ಹೇಳಿದ. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಮಿತಿಯಲ್ಲಿದ್ದ ಐದು ಮಂದಿ ಅವನ ಅಂಕಪಟ್ಟಿ ನೋಡಿದೆವು, ಪಡಿತರ ಚೀಟಿ ನೋಡಿದೆವು, ಆದಾಯ ಪ್ರಮಾಣಪತ್ರ ನೋಡಿದೆವು. ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈಗ ಅವನು ಒಂದು ವಾಣಿಜ್ಯ ಸಂಕೀರ್ಣದಲ್ಲಿ ಭದ್ರತಾ ಮೇಲ್ವಿಚಾರಕ. ದುಡಿದು ತಿನ್ನುವ ಕೆಲಸ, ಅದರಲ್ಲಿ ಅವಮಾನವೇನಿಲ್ಲ. ಆದರೆ ಆ ಕೆಲಸಕ್ಕೆ ಎರಡು ವರ್ಷದ ಆ ಓದು ಬೇಕಿರಲಿಲ್ಲ. ತಾಯಿ ಪ್ರತಿ ತಿಂಗಳು ಬೀಡಿ ಮಜೂರಿಯಿಂದ ಕಂತು ತಂದು ಕಟ್ಟುತ್ತಿದ್ದರು. ಒಂದು ದಿನ ನಮ್ಮ ಖಜಾಂಚಿಯವರು ಆ ನೋಟುಗಳನ್ನು ಎಣಿಸುತ್ತಾ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಮುಂದಿನ ಸಭೆಯಲ್ಲಿ, ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿ, ಬಾಕಿ ಮೊತ್ತವನ್ನು ಮನ್ನಾ ಮಾಡಿದೆವು. ಲೆಕ್ಕಪತ್ರದಲ್ಲಿ ನೀವು ಕಂಡ ನಮೂದು ಅದೇ.

ಹಣದ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಹುಡುಗನ ಎರಡು ವರ್ಷವನ್ನು ನಾವು ಹಿಂದಿರುಗಿಸಲಾರೆವು. ಇದೇ ತಪ್ಪು ಇನ್ನೊಬ್ಬರಿಗೆ ಆಗಬಾರದು. ಪುಸ್ತಿಕೆಗಳಲ್ಲಿ ಇರದ, ಆದರೆ ಶುಲ್ಕ ಕಟ್ಟುವ ಮೊದಲು ನಿಮಗೆ ತಿಳಿದಿರಬೇಕಾದ ವಿಷಯಗಳನ್ನು ಈಗ ಹೇಳುತ್ತೇವೆ.

ಸಮವಸ್ತ್ರಕ್ಕೆ ದಾರಿ ಪರೀಕ್ಷೆ

ಮೊದಲ ಮಾತು ಇದು: ನಮ್ಮ ದೇಶದಲ್ಲಿ ಯಾವ ಸ್ನಾತಕೋತ್ತರ ಪದವಿಯೂ ಯಾರನ್ನೂ ಪೊಲೀಸ್ ಅಧಿಕಾರಿ ಮಾಡುವುದಿಲ್ಲ. ಅಧಿಕಾರಿ ಮಾಡುವುದು ನೇಮಕಾತಿ ಪರೀಕ್ಷೆ. ಅದಕ್ಕೆ ಬೇಕಾದ ಓದು ಯಾವುದಾದರೂ ಒಂದು ಪದವಿ ಮಾತ್ರ.

ಕರ್ನಾಟಕದಲ್ಲಿ ಸಿವಿಲ್ ಪಿಎಸ್‌ಐ ಹುದ್ದೆಗೆ ಮೊದಲು ದೇಹದಾರ್ಢ್ಯ ಪರೀಕ್ಷೆ. ಬಳಿಕ ಎರಡು ಪತ್ರಿಕೆಗಳ ಲಿಖಿತ ಪರೀಕ್ಷೆ. ಪ್ರಬಂಧ, ಸಾರಾಂಶ ಲೇಖನ ಮತ್ತು ಭಾಷಾಂತರಕ್ಕೆ 50 ಅಂಕ, ಸಾಮಾನ್ಯ ಜ್ಞಾನಕ್ಕೆ 150 ಅಂಕ. ಪುರುಷರಿಗೆ 168 ಸೆಂ.ಮೀ. ಎತ್ತರ, ಉಸಿರು ತುಂಬಿದಾಗ 86 ಸೆಂ.ಮೀ. ಎದೆ ಸುತ್ತಳತೆ, ಅದರಲ್ಲಿ 5 ಸೆಂ.ಮೀ. ಹಿಗ್ಗುವಿಕೆ ಬೇಕು. ಮಹಿಳೆಯರಿಗೆ 157 ಸೆಂ.ಮೀ. ಎತ್ತರ, 45 ಕಿಲೋ ತೂಕ. ಡಿವೈಎಸ್‌ಪಿ ಆಗಲು ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ ಬರೆಯಬೇಕು. ಐಪಿಎಸ್‌ಗೆ ಯುಪಿಎಸ್‌ಸಿಯ ಸಿವಿಲ್ ಸರ್ವಿಸಸ್ ಪರೀಕ್ಷೆ. ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 32, ಆರು ಅವಕಾಶ. ಐಪಿಎಸ್‌ಗೆ ಪುರುಷರ ಎತ್ತರ 165 ಸೆಂ.ಮೀ., ಮಹಿಳೆಯರ ಎತ್ತರ 150 ಸೆಂ.ಮೀ. ಸಾಕು.

ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಬಾಗಿಲಿದೆ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಮುಂತಾದ ಕೇಂದ್ರ ಪಡೆಗಳಿಗೆ ಅಸಿಸ್ಟೆಂಟ್ ಕಮಾಂಡೆಂಟ್‌ಗಳನ್ನು ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆಯ ಮೂಲಕ ಆರಿಸುತ್ತದೆ. ಯಾವುದೇ ಪದವಿ ಸಾಕು. ಪುರುಷರ ಎತ್ತರ 165 ಸೆಂ.ಮೀ. ಆದರೆ ವಯಸ್ಸು 20ರಿಂದ 25 ಮಾತ್ರ. ಕೇಂದ್ರದ ಒಬಿಸಿ ಪಟ್ಟಿಯಲ್ಲಿರುವವರಿಗೆ ಮೂರು ವರ್ಷ ಸಡಿಲಿಕೆ.

ಈಗ ಆ ಹುಡುಗನ ವಿಷಯವನ್ನು ಮತ್ತೊಮ್ಮೆ ಯೋಚಿಸಿ. 166 ಸೆಂ.ಮೀ. ಎತ್ತರದ ಅವನಿಗೆ ಪಿಎಸ್‌ಐ ಬಾಗಿಲು ಮುಚ್ಚಿತ್ತು. ಅಸಿಸ್ಟೆಂಟ್ ಕಮಾಂಡೆಂಟ್ ಬಾಗಿಲು ತೆರೆದಿತ್ತು. ನಮ್ಮ ಬಳಿ ಬಂದ ದಿನ ಅವನಿಗೆ 24. ಓದಿ ಮುಗಿಸಿದಾಗ 26. ನಾವು ಸಾಲ ಕೊಟ್ಟು ಕಳಿಸಿದ ಎರಡು ವರ್ಷದಲ್ಲೇ ತೆರೆದಿದ್ದ ಬಾಗಿಲೂ ಮುಚ್ಚಿತು. ಒಬಿಸಿ ಸಡಿಲಿಕೆ ಅವನಿಗೆ ಅನ್ವಯಿಸಲಿಲ್ಲ. ಇಲ್ಲೊಂದು ಎಚ್ಚರಿಕೆ: ರಾಜ್ಯದ 2ಬಿ ಪ್ರಮಾಣಪತ್ರ ಬೇರೆ, ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆ. ರಾಜ್ಯದಲ್ಲಿ 2ಬಿ ಇರುವವರೆಲ್ಲರೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಇದನ್ನು ಈಗಲೇ ವಿಚಾರಿಸಿ. ಪರೀಕ್ಷೆಯ ಪ್ರಕಟಣೆ ಬಂದ ಮೇಲೆ ಓಡಾಡಿದರೆ ಸಮಯ ಸಾಲದು.

ವಯಸ್ಸು, ಅಳತೆ, ಮೀಸಲಾತಿ ನಿಯಮಗಳನ್ನು ಸರ್ಕಾರಗಳು ಆಗಾಗ ಬದಲಿಸುತ್ತವೆ. ನಮ್ಮ ಮಾತನ್ನೂ ಸೇರಿಸಿ ಯಾರ ಮಾತನ್ನೂ ಕೊನೆಯ ಮಾತೆಂದು ನಂಬಬೇಡಿ. ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದಿ. ಆದರೆ ಒಂದು ಮಾತು ಬದಲಾಗುವುದಿಲ್ಲ: ಸಮವಸ್ತ್ರವೇ ಗುರಿಯಾದರೆ ಪದವಿ ಮುಗಿದ ಕೂಡಲೇ ಪರೀಕ್ಷೆಗೆ ಕುಳಿತುಕೊಳ್ಳಿ. ಶುಲ್ಕಕ್ಕೆ ಇಡುವ ಹಣವನ್ನು ತರಬೇತಿಗೆ, ಪುಸ್ತಕಕ್ಕೆ, ಓಡುವ ಅಭ್ಯಾಸಕ್ಕೆ, ಒಳ್ಳೆಯ ಆಹಾರಕ್ಕೆ ಇಡಿ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಸತಿ ತರಬೇತಿ ಅಕಾಡೆಮಿ ಅಲ್ಪಸಂಖ್ಯಾತರು, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಸಿವಿಲ್ ಸರ್ವಿಸಸ್ ತರಬೇತಿ ನೀಡುತ್ತದೆ. 2021ರ ಸಿವಿಲ್ ಸರ್ವಿಸಸ್ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲಿಗರಾದ ಶ್ರುತಿ ಶರ್ಮಾ ಅಲ್ಲಿ ಓದಿದವರು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯವೂ ಪರೀಕ್ಷಾ ಪೂರ್ವ ತರಬೇತಿ ಕೊಡುತ್ತದೆ. ಇವುಗಳಿಗೆ ಅರ್ಜಿ ಹಾಕಲು ನಮ್ಮ ಕಚೇರಿ ಸಹಾಯ ಮಾಡುತ್ತದೆ.

ಹಾಗಾದರೆ ಸ್ನಾತಕೋತ್ತರ ಓದು ಯಾಕೆ?

ಪರೀಕ್ಷೆಯೇ ಎಲ್ಲ ಎಂದು ನಾವು ಹೇಳುತ್ತಿಲ್ಲ. ಪರೀಕ್ಷೆಯೊಂದನ್ನೇ ನಂಬಿ ಕುಳಿತವರ ಕಷ್ಟವನ್ನೂ ನಾವು ನೋಡಿದ್ದೇವೆ. ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಆ ಅವಧಿಯಲ್ಲಿ ಕೈಯಲ್ಲಿ ಇನ್ನೊಂದು ವಿದ್ಯೆ ಇದ್ದವರು ಬದುಕು ನಡೆಸಿದರು. ಇಲ್ಲದವರು ಮನೆಯವರ ಮುಖ ನೋಡಲಾಗದೆ ಕುಳಿತರು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಸಮವಸ್ತ್ರ ಸಿಗದಿದ್ದರೂ ತನ್ನ ಕಾಲ ಮೇಲೆ ನಿಲ್ಲಬಲ್ಲ ಪದವಿಯನ್ನು ಆರಿಸಿ. ಕಾನೂನು ಪಾಲನೆ ಮತ್ತು ಜನರ ಸುರಕ್ಷತೆ ಎಂಬುದು ಠಾಣೆಯ ನಾಲ್ಕು ಗೋಡೆಗಳಿಗೆ ಮುಗಿಯುವುದಿಲ್ಲ. ಅದರ ಸುತ್ತ ಪ್ರಯೋಗಾಲಯವಿದೆ, ನ್ಯಾಯಾಲಯವಿದೆ, ಜೈಲು ಇದೆ, ಮಕ್ಕಳ ಮಂದಿರವಿದೆ, ಬ್ಯಾಂಕು ಇದೆ, ಕಾರ್ಖಾನೆ ಇದೆ. ಒಂದೊಂದಾಗಿ ನೋಡೋಣ.

ವಿಜ್ಞಾನ ಓದಿದವರಿಗೆ ವಿಧಿವಿಜ್ಞಾನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೋ ಮಾಡಿಸಬೇಕು. ಇದನ್ನು ಪೂರ್ಣವಾಗಿ ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ. ಅಂದರೆ ಮುಂದಿನ ದಿನಗಳಲ್ಲಿ ಈ ಕೆಲಸಕ್ಕೆ ಜನ ಬೇಕು. ಕರ್ನಾಟಕ ಸರ್ಕಾರ ಈಗಾಗಲೇ ಸೀನ್ ಆಫ್ ಕ್ರೈಮ್ ಆಫೀಸರ್ ಹುದ್ದೆಗಳನ್ನು ಸೃಷ್ಟಿಸಿದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ.

ಓದಲು ಎಲ್ಲಿ? ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಸಂಸತ್ ಕಾಯ್ದೆಯಿಂದ ಸ್ಥಾಪಿತವಾದ ಸಂಸ್ಥೆ. ಅದರ ಒಂದು ಕ್ಯಾಂಪಸ್ ನಮ್ಮ ಧಾರವಾಡದಲ್ಲಿದೆ. 2023ರ ಜನವರಿಯಲ್ಲಿ ಅದರ ಶಂಕುಸ್ಥಾಪನೆ ಆಯಿತು. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವೂ ಇದೆ. ಸರ್ಕಾರಿ ವಿಶ್ವವಿದ್ಯಾಲಯದ ಸೀಟಿಗೂ ವಿಶೇಷ ಸಂಸ್ಥೆಗಳ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರ ಇರಬಹುದು. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಇನ್ನೊಂದು ವಿಷಯ: ಪ್ರಯೋಗಾಲಯದ ಹಲವು ಹುದ್ದೆಗಳಿಗೆ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ವಿಷಯಗಳ ಎಂ.ಎಸ್ಸಿ. ಕೂಡ ಅರ್ಹತೆಯಾಗುತ್ತದೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಚೆನ್ನಾಗಿ ಓದಿದ ಮಗಳು ಅದರಲ್ಲೇ ಎಂ.ಎಸ್ಸಿ. ಮಾಡಿದರೆ ಪ್ರಯೋಗಾಲಯವೂ ಉಂಟು, ಕಾಲೇಜು ಅಧ್ಯಾಪನವೂ ಉಂಟು, ಔಷಧ ಕಂಪನಿಯೂ ಉಂಟು. ಹೆಸರಿನಲ್ಲಿ ‘ಫೊರೆನ್ಸಿಕ್’ ಇದೆ ಎಂಬ ಒಂದೇ ಕಾರಣಕ್ಕೆ ಉಳಿದ ಬಾಗಿಲುಗಳನ್ನು ಮುಚ್ಚಿಕೊಳ್ಳಬೇಡಿ.

ಕಂಪ್ಯೂಟರ್ ಓದಿದವರಿಗೆ ಡಿಜಿಟಲ್ ವಿಧಿವಿಜ್ಞಾನ ಮತ್ತು ಸೈಬರ್ ಸುರಕ್ಷತೆ. ಆನ್‌ಲೈನ್ ವಂಚನೆಗೆ 1930 ಸಹಾಯವಾಣಿಗೆ ಕರೆ ಮಾಡಿದವರು ಈ ಸಭೆಯಲ್ಲೇ ಇರಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧಗಳಿಗೆಂದೇ ಸೆನ್ ಠಾಣೆಗಳಿವೆ. ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಕಾರ ಮೊಬೈಲು, ಕಂಪ್ಯೂಟರಿನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ತಜ್ಞರೇ ತುಂಬಬೇಕು. ಬ್ಯಾಂಕು, ವಿಮಾ ಕಂಪನಿ, ಲೆಕ್ಕಪರಿಶೋಧನಾ ಸಂಸ್ಥೆಗಳಿಗೂ ಇಂಥವರು ಬೇಕು. ಈ ದಾರಿಯಲ್ಲಿ ಎತ್ತರ ಅಳೆಯುವವರಿಲ್ಲ. ಆದರೆ ಇಲ್ಲಿ ಪದವಿಯ ಹೆಸರಿಗಿಂತ ಕೈಯ ಕೆಲಸ ಮುಖ್ಯ. ಪ್ರೋಗ್ರಾಮಿಂಗ್ ಮತ್ತು ನೆಟ್‌ವರ್ಕಿಂಗ್ ಬರದೆ ಸೈಬರ್ ಪದವಿ ಮಾತ್ರ ಇದ್ದರೆ ಸಂದರ್ಶನದಲ್ಲಿ ನಿಲ್ಲಲಾಗದು.

ವಾಣಿಜ್ಯ ಓದಿದವರಿಗೆ ಒಂದು ಮಾತು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಆ ಹುಡುಗನಿಗೆ, ಲೆಕ್ಕದಲ್ಲಿ ಅಡಗಿದ ಮೋಸವನ್ನು ಪತ್ತೆ ಹಚ್ಚುವುದೇ ಒಂದು ವೃತ್ತಿ ಎಂದು ನಾವು ಹೇಳಬಹುದಿತ್ತು. ಸಿ.ಎ. ಸಂಸ್ಥೆಯೇ ತನ್ನ ಸದಸ್ಯರಿಗೆ ಫೊರೆನ್ಸಿಕ್ ಅಕೌಂಟಿಂಗ್ ಕುರಿತ ಕೋರ್ಸು ನಡೆಸುತ್ತದೆ. ಎಂ.ಕಾಂ. ಅಥವಾ ಸಿ.ಎ. ಓದಿ ಆ ಕಡೆಗೆ ತಿರುಗಬಹುದು.

ಕಲಾ ವಿಭಾಗದವರಿಗೆ ಅಪರಾಧಶಾಸ್ತ್ರ ಮತ್ತು ಸಮಾಜಕಾರ್ಯ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಆರಂಭವಾದದ್ದು. ಅಪರಾಧಶಾಸ್ತ್ರ ಮತ್ತು ನ್ಯಾಯದ ಕುರಿತ ಅಲ್ಲಿನ ಸಮಾಜಕಾರ್ಯ ವ್ಯಾಸಂಗ ಹೆಸರುವಾಸಿ. ಅಲ್ಲಿಂದಲೇ 1990ರಲ್ಲಿ ಹುಟ್ಟಿದ ‘ಪ್ರಯಾಸ್’ ಜೈಲಿನಲ್ಲಿರುವವರು ಮತ್ತು ಬಿಡುಗಡೆಯಾದವರ ನಡುವೆ ಕೆಲಸ ಮಾಡುತ್ತಿದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದಲ್ಲೂ ಅಪರಾಧಶಾಸ್ತ್ರ ವಿಭಾಗಗಳಿವೆ. ಇದನ್ನು ಓದಿದವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲನ್ಯಾಯ ವ್ಯವಸ್ಥೆ, ನೊಂದ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಸಿಗಬಹುದು. ಅಧ್ಯಾಪನಕ್ಕೆ ಹೋಗುವವರಿಗೆ ಅಪರಾಧಶಾಸ್ತ್ರದಲ್ಲೂ ವಿಧಿವಿಜ್ಞಾನದಲ್ಲೂ ಯುಜಿಸಿ ನೆಟ್ ಪರೀಕ್ಷೆಯಿದೆ. ಮುಚ್ಚಿಡದೆ ಹೇಳಬೇಕೆಂದರೆ, ಈ ಕೆಲಸಗಳಲ್ಲಿ ಹಲವು ಗುತ್ತಿಗೆ ಆಧಾರದವು, ಸಂಬಳ ಕಡಿಮೆ. ಆದ್ದರಿಂದ ಇದಕ್ಕಾಗಿ ದೊಡ್ಡ ಸಾಲ ಮಾಡಬೇಡಿ. ಕಡಿಮೆ ಶುಲ್ಕದ ಸರ್ಕಾರಿ ಸೀಟು ಸಿಕ್ಕರೆ ಮಾತ್ರ ಹೋಗಿ.

ಯಾವ ಪದವಿ ಇದ್ದವರಿಗೂ ಮೂರು ವರ್ಷದ ಎಲ್ಎಲ್.ಬಿ. ನಮ್ಮ ಸಮಿತಿ ಈಗ ಹೆಚ್ಚು ಒತ್ತು ಕೊಡುವುದು ಇದಕ್ಕೆ. ಸರ್ಕಾರಿ ಅಭಿಯೋಜಕರಾಗಬಹುದು, ವಕೀಲಿ ಮಾಡಬಹುದು, ಕಂಪನಿಗೆ ಹೋಗಬಹುದು, ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದು. ಬಡ ಆರೋಪಿಗಳ ಪರ ವಾದಿಸಲು ಕಾನೂನು ಸೇವಾ ಪ್ರಾಧಿಕಾರಗಳು ವಕೀಲರನ್ನು ನೇಮಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಪೊಲೀಸ್ ಪರೀಕ್ಷೆಗೆ ಓದುತ್ತಲೇ ಇದನ್ನು ಓದಿದರೆ ಒಂದು ಇನ್ನೊಂದಕ್ಕೆ ನೆರವಾಗುತ್ತದೆ.

ಇನ್ನು ಅಗ್ನಿಶಾಮಕ ಮತ್ತು ವಿಪತ್ತು ನಿರ್ವಹಣೆ. ‘ವಿಪತ್ತು ನಿರ್ವಹಣೆಯಲ್ಲಿ ಎಂ.ಎ. ಮಾಡಿದರೆ ಎನ್‌ಡಿಆರ್‌ಎಫ್ ಸೇರಬಹುದೇ’ ಎಂದು ಕೇಳುತ್ತಾರೆ. ಇಲ್ಲ. ಆ ಪಡೆಗೆ ಜನ ಬರುವುದು ಕೇಂದ್ರ ಪೊಲೀಸ್ ಪಡೆಗಳಿಂದ, ನಿಯೋಜನೆಯ ಮೇಲೆ. ವಿಪತ್ತು ನಿರ್ವಹಣೆ ಓದಿದವರು ಯೋಜನೆ, ಸಂಶೋಧನೆ, ಪರಿಹಾರ ಸಂಸ್ಥೆಗಳ ಕಡೆಗೆ ಹೋಗುತ್ತಾರೆ. ಅಗ್ನಿಶಾಮಕ ಎಂಜಿನಿಯರಿಂಗ್‌ಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಕಾರ್ಖಾನೆ ಸುರಕ್ಷತೆಗೆ ಮುಂಬೈಯ ಕೇಂದ್ರ ಕಾರ್ಮಿಕ ಸಂಸ್ಥೆ ಮತ್ತು ಅದರ ಪ್ರಾದೇಶಿಕ ಸಂಸ್ಥೆಗಳ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾಕ್ಕೆ ಬೆಲೆಯಿದೆ. ಗಲ್ಫ್‌ನಲ್ಲಿ ಸೇಫ್ಟಿ ಆಫೀಸರ್ ಕೆಲಸಕ್ಕೆ ನೆಬೋಶ್ ಕೇಳುತ್ತಾರೆಂದು ನಮ್ಮ ಊರಿನವರಿಗೆ ಗೊತ್ತು. ಆದರೆ ಪೇಟೆಯ ಮಹಡಿಯ ಮೇಲೆ ಆರು ತಿಂಗಳಲ್ಲಿ ‘ಫೈರ್ ಅಂಡ್ ಸೇಫ್ಟಿ’ ಸರ್ಟಿಫಿಕೇಟ್ ಕೊಡುವ ಎಲ್ಲ ಕಡೆಯೂ ಅದು ಸಿಗುವುದಿಲ್ಲ. ಕೊಡುವ ಕಾಗದದ ಮೇಲೆ ಯಾರ ಮುದ್ರೆ ಇರುತ್ತದೆ ಎಂದು ಮೊದಲೇ ಕೇಳಿ.

ಪೊಲೀಸ್ ಆಡಳಿತ, ಆಂತರಿಕ ಭದ್ರತೆ ಎಂಬ ಹೆಸರಿನ ಪದವಿಗಳೂ ಇವೆ. ಗಾಂಧಿನಗರದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ 2020ರ ಕಾಯ್ದೆಯಿಂದ ರೂಪುಗೊಂಡದ್ದು. ಅದರ ಕ್ಯಾಂಪಸ್ ಶಿವಮೊಗ್ಗದಲ್ಲೂ ಇದೆ. ಇಲ್ಲಿ ಓದುವುದು ತಪ್ಪಲ್ಲ. ಆದರೆ ಇಲ್ಲಿ ಓದಿದವರೂ ಸಮವಸ್ತ್ರಕ್ಕಾಗಿ ಉಳಿದವರ ಜೊತೆ ಅದೇ ಸಾಲಿನಲ್ಲಿ ನಿಂತು ಅದೇ ಪರೀಕ್ಷೆ ಬರೆಯಬೇಕು. ಅದು ಗೊತ್ತಿದ್ದು ಹೋಗಬೇಕು.

ವಿದೇಶದ ಓದು

ಮಗ ಗಲ್ಫ್‌ನಲ್ಲಿದ್ದಾನೆ, ತಮ್ಮನನ್ನು ಇಂಗ್ಲೆಂಡಿಗೋ ಅಮೆರಿಕಕ್ಕೋ ಕಳಿಸುತ್ತಾನೆ ಎನ್ನುವ ಮನೆಗಳಿವೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪೊಲೀಸಿಂಗ್, ಕ್ರಿಮಿನಲ್ ಜಸ್ಟಿಸ್ ವಿಷಯದ ಪದವಿಗಳು ಹಲವು. ಓದು ಒಳ್ಳೆಯದೇ ಇರಬಹುದು. ಆದರೆ ಅಮೆರಿಕದ ಎಫ್‌ಬಿಐ ಸೇರಲು ಅಮೆರಿಕದ ಪೌರತ್ವ ಬೇಕು. ಬ್ರಿಟನ್ನಿನ ಪೊಲೀಸ್ ಸೇರಲು ಹೊರದೇಶದವರಿಗೆ ಅಲ್ಲಿ ನಿರ್ಬಂಧವಿಲ್ಲದೆ ನೆಲೆಸುವ ಅನುಮತಿ ಬೇಕು. ವಿದ್ಯಾರ್ಥಿ ವೀಸಾ ಸಾಲದು. ಹಿಂದಿರುಗಿ ಬಂದರೆ ಇಲ್ಲಿ ಅದೇ ಪಿಎಸ್‌ಐ ಪರೀಕ್ಷೆ, ಅದೇ ಯುಪಿಎಸ್‌ಸಿ ಪರೀಕ್ಷೆ. ಅಣ್ಣನ ಹತ್ತು ವರ್ಷದ ಬೆವರನ್ನು ಒಂದು ವರ್ಷದ ಶುಲ್ಕಕ್ಕೆ ಸುರಿಯುವ ಮೊದಲು ಮನೆಯವರೆಲ್ಲ ಕುಳಿತು ಈ ಲೆಕ್ಕ ಹಾಕಬೇಕು.

ಸಂಸ್ಥೆಯನ್ನು ಪರೀಕ್ಷಿಸುವುದು

ಸಂಸ್ಥೆ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವು ಅದನ್ನು ಪರೀಕ್ಷಿಸಿ. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ? ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತದೆ. ದೂರಶಿಕ್ಷಣವಾದರೆ ಆ ಕೋರ್ಸಿಗೆ, ಆ ವರ್ಷಕ್ಕೆ ಅನುಮತಿ ಇದೆಯೇ? ವಿಧಿವಿಜ್ಞಾನವಾದರೆ ಪ್ರಯೋಗಾಲಯವನ್ನು ಕಣ್ಣಾರೆ ನೋಡಿ. ಉಪಕರಣಕ್ಕೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿದ್ದರೆ ಅದೇ ಉತ್ತರ. ಅಪರಾಧಶಾಸ್ತ್ರವಾದರೆ ಜೈಲು, ನ್ಯಾಯಾಲಯ, ಮಕ್ಕಳ ಮಂದಿರಗಳಲ್ಲಿ ಎಷ್ಟು ವಾರದ ಕ್ಷೇತ್ರಕಾರ್ಯ ಇದೆ ಎಂದು ಕೇಳಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ, ಕಳೆದ ಎರಡು ತಂಡಗಳಲ್ಲಿ ಓದಿದ ಇಬ್ಬರು ಮೂವರೊಡನೆ ನೀವೇ ಮಾತನಾಡಿ. ಈಗ ಎಲ್ಲಿ ಕೆಲಸ ಮಾಡುತ್ತೀರಿ, ಈ ಪದವಿಯಿಂದಲೇ ಆ ಕೆಲಸ ಸಿಕ್ಕಿತೇ, ಮತ್ತೊಮ್ಮೆ ಅವಕಾಶ ಸಿಕ್ಕರೆ ಇದನ್ನೇ ಓದುತ್ತೀರಾ ಎಂದು ಕೇಳಿ. ಪುಸ್ತಿಕೆಯಲ್ಲಿ ಫೋಟೋ ಇರುವವರ ಜೊತೆ ಮಾತ್ರ ಮಾತನಾಡಿದರೆ ಸಾಲದು.

ನಾವು ಯಾಕೆ ಈ ಕ್ಷೇತ್ರ ಬೇಡ ಎನ್ನುವುದಿಲ್ಲ

ಇಷ್ಟೆಲ್ಲ ಕೇಳಿ, ಟ್ರಸ್ಟಿನವರು ಮಕ್ಕಳನ್ನು ಹೆದರಿಸುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು. 2006ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ಐಪಿಎಸ್‌ನಲ್ಲಿ ಮುಸ್ಲಿಮರ ಪಾಲು ಶೇ. 4 ಎಂದು ತಿಳಿಸಿತ್ತು. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 13.4. ಈ ಅಂತರವನ್ನು ದೂರುತ್ತಾ ಕುಳಿತರೆ ಅದು ಕಡಿಮೆಯಾಗದು. ಅರ್ಜಿ ಹಾಕುವವರು, ಓದುವವರು, ಬೆಳಿಗ್ಗೆ ಎದ್ದು ಮೈದಾನದಲ್ಲಿ ಓಡುವವರು ಹೆಚ್ಚಬೇಕು. ಠಾಣೆಯ ಬಾಗಿಲಲ್ಲಿ ಅಂಜುತ್ತಾ ನಿಂತ ಯಾವ ಜಾತಿ, ಯಾವ ಧರ್ಮದ ತಾಯಿಗಾದರೂ ‘ಬನ್ನಿ ಅಮ್ಮ, ಕುಳಿತುಕೊಳ್ಳಿ’ ಎನ್ನುವ ಅಧಿಕಾರಿ ನಮ್ಮ ಮನೆಗಳಿಂದಲೂ ಬರಬೇಕು. ಇದು ನಮ್ಮ ಆಸೆ.

ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇವೆ. ಮಗಳು ಪ್ರಯೋಗಾಲಯಕ್ಕೆ, ನ್ಯಾಯಾಲಯಕ್ಕೆ, ಸಖಿ ಕೇಂದ್ರಕ್ಕೆ, ಠಾಣೆಗೆ ಹೋಗಿ ಕೆಲಸ ಮಾಡುತ್ತೇನೆ ಎಂದರೆ ಕೂಡಲೇ ಬೇಡ ಎನ್ನಬೇಡಿ. ನೊಂದು ಬಂದ ಹೆಣ್ಣೊಬ್ಬಳು ತನ್ನ ಮಾತು ಹೇಳಿಕೊಳ್ಳಲು ಎದುರಿಗೆ ಒಬ್ಬ ಹೆಣ್ಣು ಇರಬೇಕೆಂದು ನಾವೇ ಬಯಸುತ್ತೇವೆ. ಆ ಕುರ್ಚಿಯಲ್ಲಿ ಯಾರ ಮಗಳು ಕುಳಿತುಕೊಳ್ಳಬೇಕು?

ಈ ಸಾಲಿನಿಂದ ನಮ್ಮ ನಿಯಮ

ಈ ವಿಷಯಗಳ ಸ್ನಾತಕೋತ್ತರ ವ್ಯಾಸಂಗಕ್ಕೆ ನೆರವು ಕೋರುವವರಿಗೆ ಸಮಿತಿ ಹೀಗೆ ನಿರ್ಧರಿಸಿದೆ.

ಒಂದು, ಅರ್ಜಿಯ ಜೊತೆ ಒಂದು ಪುಟದ ಪತ್ರ ಇರಬೇಕು. ಈ ಪದವಿಯಿಂದ ಯಾವ ಹುದ್ದೆ, ಆ ಹುದ್ದೆಗೆ ನೇಮಕಾತಿ ಪ್ರಕಟಣೆ ಕೇಳುವ ಅರ್ಹತೆ ಏನು, ಆ ಹುದ್ದೆ ಸಿಗದಿದ್ದರೆ ಇದೇ ಪದವಿಯಿಂದ ಇನ್ನೇನು ಮಾಡುವಿರಿ ಎಂದು ನಿಮ್ಮ ಕೈಯಿಂದಲೇ ಬರೆಯಬೇಕು.

ಎರಡು, ಸಮವಸ್ತ್ರದ ಹುದ್ದೆ ಗುರಿಯಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎತ್ತರ, ಎದೆ ಸುತ್ತಳತೆ, ದೃಷ್ಟಿ ಪರೀಕ್ಷಿಸಿಕೊಂಡ ಚೀಟಿ ತರಬೇಕು. ಅಳತೆ ಕಡಿಮೆ ಇದ್ದರೆ ಅರ್ಜಿ ತಿರಸ್ಕಾರವಾಗುವುದಿಲ್ಲ; ನಿಮಗೆ ಒಪ್ಪುವ ಇನ್ನೊಂದು ದಾರಿಯನ್ನು ಜೊತೆಯಲ್ಲಿ ಕುಳಿತು ಹುಡುಕುತ್ತೇವೆ.

ಮೂರು, ಪದವಿ ಮುಗಿಸಿ ನೇರ ಪರೀಕ್ಷೆಗೆ ಓದುವವರಿಗೂ ಈ ಸಾಲಿನಿಂದ ನೆರವು ಇದೆ. ಕಾಲೇಜಿನ ಪ್ರವೇಶ ಪತ್ರ ಇಲ್ಲ ಎಂಬ ಕಾರಣಕ್ಕೆ ಹಿಂದೆ ಇಂಥವರನ್ನು ಕೈಬಿಟ್ಟಿದ್ದೆವು. ಅದು ತಪ್ಪಾಗಿತ್ತು.

ನಾಲ್ಕು, ಸಂದರ್ಶನಕ್ಕೆ ತಂದೆ ಅಥವಾ ತಾಯಿ ಜೊತೆಯಲ್ಲಿ ಬರಬೇಕು. ಒಟ್ಟು ಖರ್ಚು, ವಸತಿ ಮತ್ತು ಪ್ರಯಾಣ ಸೇರಿಸಿ, ಮನೆಯವರ ಮುಂದೆಯೇ ಲೆಕ್ಕ ಹಾಕುತ್ತೇವೆ. ಒಡವೆ ಅಡವಿಡಬೇಕಾಗುತ್ತದೆ ಎಂದಾದರೆ ಅದನ್ನೂ ಅಲ್ಲೇ ಹೇಳಬೇಕು.

ಕೊನೆಯ ಮಾತು. ಸಾಲ ಮನ್ನಾ ಆಯಿತೆಂದು ತಿಳಿಸಲು ನಾವು ಆ ತಾಯಿಯ ಮನೆಗೆ ಹೋಗಿದ್ದೆವು. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆವು. ಅವರು ಬೀಡಿ ಎಲೆಯ ಮೊರವನ್ನು ಬದಿಗಿಟ್ಟು, ‘ಹಾಜಿಯವರೇ, ನನ್ನ ಮಗನದು ಮುಗಿಯಿತು. ಇನ್ನು ಬರುವ ಮಕ್ಕಳನ್ನು ಸರಿಯಾಗಿ ಕೇಳಿ ಕಳಿಸಿ’ ಎಂದರು. ಸಭೆಯ ಮುಂದೆ ಇದನ್ನು ಹೇಳಲು ಅವರ ಮತ್ತು ಮಗನ ಒಪ್ಪಿಗೆ ಪಡೆದಿದ್ದೇವೆ. ಈ ಸಾಲಿನ ಸಂದರ್ಶನದ ದಿನ ಆ ಹುಡುಗನೂ ನಮ್ಮ ಜೊತೆ ಕುಳಿತುಕೊಳ್ಳುತ್ತಾನೆ, ಇನ್ ಶಾ ಅಲ್ಲಾಹ್. ಅರ್ಜಿದಾರರಿಗೆ ಮೊದಲ ಪ್ರಶ್ನೆ ಕೇಳುವವನು ಅವನೇ.

ಅರ್ಜಿ ನಮೂನೆ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಬನ್ನಿ, ಕೇಳಿ, ತಿಳಿದುಕೊಂಡು ತುಂಬಿ.